ಎಲ್ಲರೂ ಓದುವ ಪಾಠಕ್ಕೆ ಯಾರ ಒಪ್ಪಿಗೆ?

ಮುಂಗಾರಿನ ಮೊದಲ ಮಳೆ ರಾಯಚೂರು ಸೀಮೆಯ ಕರಿಯ ನೆಲವನ್ನು ಒಮ್ಮೆ ತೋಯಿಸಿ ಮರೆಯಾಗುವ ಹೊತ್ತಿಗೆ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಪ್ರವೇಶದ ಗಲಾಟೆ ಮೊದಲಾಗುತ್ತದೆ. ಗುಮಾಸ್ತರ ಕಿಟಕಿಯ ಮುಂದೆ ಸಾಲು. ಸಾಲಿನಲ್ಲಿ ಮಗಳೊಡನೆ ಬಂದ ತಂದೆ. ತಂದೆಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ನಾಲ್ಕು ಭಾವಚಿತ್ರ. 2021ರಿಂದ ಮೂರು ವರ್ಷಗಳ ಕಾಲ ಈ ಕಿಟಕಿಯಲ್ಲಿ ಕೊಡುತ್ತಿದ್ದ ಅರ್ಜಿಯಲ್ಲಿ ಒಂದು ಹೊಸ ಅಂಕಣವಿತ್ತು: ‘ಓಪನ್ ಇಲೆಕ್ಟಿವ್’, ಕನ್ನಡದಲ್ಲಿ ‘ಮುಕ್ತ ಆಯ್ಕೆ ವಿಷಯ’. ತಾಂಡಾದಿಂದಲೋ ದೊಡ್ಡಿಯಿಂದಲೋ ಬಂದ ಹುಡುಗಿ ಪೆನ್ನನ್ನು ಅಲ್ಲಿ ನಿಲ್ಲಿಸಿ ತಲೆಯೆತ್ತುತ್ತಿದ್ದಳು.

“ಇಲ್ಲಿ ಅದೊಂದೇ ನಡೀತದವ್ವಾ, ಅದನ್ನೇ ಬರಿ” ಎಂದು ಕಿಟಕಿಯ ಒಳಗಿನಿಂದ ಉತ್ತರ.

“ಅಂದ್ರ ಏನ್ರಿ ಸಾಹೇಬ್ರ ಅದು? ಮುಂದ ನೌಕರಿಗೆ ಬರ್ತದೇನ್ರಿ?” ಎಂದು ತಂದೆಯ ಪ್ರಶ್ನೆ.

ಸಾಲು ಉದ್ದವಿತ್ತು. ಆ ಪ್ರಶ್ನೆಗೆ ಉತ್ತರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಹುಡುಗಿ ಬರೆದಳು, ಅರ್ಜಿ ಒಳಗೆ ಹೋಯಿತು. ‘ಮುಕ್ತ’ವೂ ಅಲ್ಲದ, ‘ಆಯ್ಕೆ’ಯೂ ಅಲ್ಲದ ಆ ವಿಷಯವನ್ನು ಅವಳು ವಾರಕ್ಕೆ ಮೂರು ಗಂಟೆಯಂತೆ ಒಂದು ಸೆಮಿಸ್ಟರು ಓದಿದಳು. ಇದು ಒಂದು ಊರಿನ, ಒಂದು ಕಾಲೇಜಿನ ಮಾತಲ್ಲ. ಅಧ್ಯಾಪಕರು ಕಡಿಮೆಯಿರುವಲ್ಲೆಲ್ಲ ಕಂಡುಬಂದ ದೃಶ್ಯವಿದು.

ತಂದೆಯ ಪ್ರಶ್ನೆ ಮಾತ್ರ ಉಡಾಫೆಯಿಂದ ತಳ್ಳಿಹಾಕುವಂಥದಲ್ಲ. ಇತಿಹಾಸ ಓದುವವನು ಇತಿಹಾಸವನ್ನೂ, ರಸಾಯನ ಓದುವವನು ರಸಾಯನವನ್ನೂ ಕಲಿಯಲೆಂದು ಬರುತ್ತಾರೆ. ಅವರಿಬ್ಬರಿಗೂ ಸಾಮಾನ್ಯವಾದ ಮೂರನೆಯದೊಂದು ಪಾಠ ಏಕೆ ಬೇಕು? ಬೇಕೆಂದರೆ, ಅದು ಏನಾಗಿರಬೇಕೆಂದು ನಿರ್ಣಯಿಸುವ ಅಧಿಕಾರ ಯಾರದು?

ಮೊದಲನೆಯ ಪ್ರಶ್ನೆಗೆ ದೊಡ್ಡವರು ಉತ್ತರ ಕೊಟ್ಟಿದ್ದಾರೆ. ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸಾಮಾನ್ಯ ಶಿಕ್ಷಣದ ಬಗ್ಗೆ ಒಂದು ವರದಿಯನ್ನು ಹೊರತಂದಿತು. ಸ್ವತಂತ್ರ ಸಮಾಜದಲ್ಲಿ ಬದುಕಬೇಕಾದ ವಿದ್ಯಾವಂತನಿಗೆ ತನ್ನ ಕಸುಬಿನ ವಿದ್ಯೆಯೊಂದೇ ಸಾಲದೆಂಬುದು ಅದರ ಸಾರ. ನಮ್ಮಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948-49ರಲ್ಲಿ ಕೆಲಸ ಮಾಡಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವೂ ಇದೇ ಮಾತನ್ನು ಎತ್ತಿಕೊಂಡಿತು. ವಿಜ್ಞಾನದ ವಿದ್ಯಾರ್ಥಿಗೆ ಸಮಾಜದ ಪರಿಚಯವಿರಬೇಕು, ಸಾಹಿತ್ಯದ ವಿದ್ಯಾರ್ಥಿಗೆ ವಿಜ್ಞಾನದ ದೃಷ್ಟಿ ಬರಬೇಕು ಎಂದು ಅದು ಬಯಸಿತು. ಬಯಕೆ ಒಳ್ಳೆಯದೇ. ಅದು ದೆಹಲಿಯ ವರದಿಯಿಂದ ಹೊರಟು ತಾಲ್ಲೂಕಿನ ಕಾಲೇಜಿನ ಕಿಟಕಿಯನ್ನು ತಲಪುವ ಹಾದಿ ಮಾತ್ರ ಬಹಳ ಸುತ್ತುಬಳಸಿನದು.

ರಾಯಚೂರಿನ ಮಟ್ಟಿಗೆ ಈ ಹಾದಿಗೆ ಇನ್ನೂ ಒಂದು ವಿಶೇಷವಿದೆ. ಇಲ್ಲಿಯ ಜನ ಇದ್ದಲ್ಲಿಯೇ ಇದ್ದರು. ವಿಶ್ವವಿದ್ಯಾನಿಲಯಗಳು ಅವರ ತಲೆಯ ಮೇಲಿಂದ ಮೂರು ಸಲ ಬದಲಾಗಿ ಹೋದವು. ಮಾನವಿಯಲ್ಲಿ ನಾಲ್ಕು ತಲೆಮಾರು ಓದಿದ ಮನೆಯೊಂದಿದ್ದರೆ, ಅಲ್ಲಿಯ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ನಾಲ್ಕು ಬೇರೆ ಬೇರೆ ಮುದ್ರೆಯ ಕಾಗದಗಳಿರಬೇಕು. ಮುತ್ತಜ್ಜನದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ್ದು. 1918ರಲ್ಲಿ ಆರಂಭವಾದ ಆ ವಿದ್ಯಾಪೀಠದ ಬೋಧನಾ ಭಾಷೆ ಉರ್ದು. ಇಂಗ್ಲಿಷನ್ನೂ ಎಲ್ಲರೂ ಕಲಿಯಬೇಕು. ಅಲ್ಲಿಯೂ ‘ಎಲ್ಲರೂ ಓದುವ ಪಾಠ’ವೊಂದಿತ್ತು. ಮುಸಲ್ಮಾನ ವಿದ್ಯಾರ್ಥಿಗಳಿಗೆ ಧರ್ಮಶಾಸ್ತ್ರ, ಉಳಿದವರಿಗೆ ನೀತಿಶಾಸ್ತ್ರ, ಅಂದರೆ ‘ದೀನಿಯಾತ್’ ಮತ್ತು ‘ಅಖ್ಲಾಖಿಯಾತ್’. ತುಂಗಭದ್ರೆಯ ದಂಡೆಯ ಕನ್ನಡದ ಹುಡುಗ ನೀತಿಯನ್ನು ಉರ್ದುವಿನಲ್ಲಿ ಬಾಯಿಪಾಠ ಮಾಡಿದ. ಆ ಪಾಠವನ್ನು ಯಾರು ಆರಿಸಿದರೆಂದು ಕೇಳುವ ಪ್ರಸಂಗವೇ ಆಗ ಇರಲಿಲ್ಲ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಜಿಲ್ಲೆ ಕನ್ನಡ ನಾಡಿಗೆ ಸೇರಿತು. ಕಾಲೇಜುಗಳ ಸಂಬಂಧ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಹೊರಳಿತು. ಅಜ್ಜನ ಪದವಿಪತ್ರದಲ್ಲಿ ಧಾರವಾಡದ ಮುದ್ರೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯ ಹುಟ್ಟಿತು. ತಂದೆಯದು ಅಲ್ಲಿಯದು. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳನ್ನು ಅದರಿಂದ ಬಿಡಿಸಿ ಯರಗೇರಾದಲ್ಲಿ ಹೊಸ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಲು 2020ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರನ್ನು ಹೊತ್ತಿರುವುದು ಈ ವಿದ್ಯಾಪೀಠವೇ. ಮೊಮ್ಮಗಳ ಅಂಕಪಟ್ಟಿ ಇಲ್ಲಿಂದ ಬರುತ್ತದೆ. ಹೈದರಾಬಾದು, ಧಾರವಾಡ, ಗುಲಬರ್ಗಾಗಳಲ್ಲಿ ಆಗುತ್ತಿದ್ದ ನಿರ್ಣಯ ಈಗ ರಾಯಚೂರು ಪಟ್ಟಣದಿಂದ ಸ್ವಲ್ಪವೇ ದೂರದಲ್ಲಿ ಆಗಬಹುದೆಂಬ ಕಾರಣಕ್ಕಾದರೂ ಈ ಬದಲಾವಣೆ ಸಣ್ಣದಲ್ಲ.

ಆ ನಿರ್ಣಯ ಆಗುವ ಬಗೆ ಹೇಗೆ? ಪದವಿ ತರಗತಿಗೆ ಒಂದು ಹೊಸ ಪಾಠ ಬರಬೇಕಾದರೆ ಅದು ಮೂರು ಬಾಗಿಲುಗಳನ್ನು ದಾಟಬೇಕು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಅಧಿನಿಯಮ ಇದಕ್ಕೆ ಆಧಾರ. ಮೊದಲ ಬಾಗಿಲು ಅಧ್ಯಯನ ಮಂಡಳಿ. ಅಧ್ಯಾಪಕರ ಬಾಯಲ್ಲಿ ಇದು ‘ಬಿ.ಓ.ಎಸ್.’. ಕನ್ನಡಕ್ಕೊಂದು, ಅರ್ಥಶಾಸ್ತ್ರಕ್ಕೊಂದು, ಸಸ್ಯಶಾಸ್ತ್ರಕ್ಕೊಂದು, ಹೀಗೆ ವಿಷಯಕ್ಕೊಂದು ಮಂಡಳಿ. ಅದೇ ವಿಷಯದ ಅಧ್ಯಾಪಕರು ಅದರ ಸದಸ್ಯರು. ಜೊತೆಗೆ ಹೊರಗಿನ ತಜ್ಞರು. ಎರಡನೆಯ ಬಾಗಿಲು ನಿಕಾಯ. ಕಲೆ, ವಿಜ್ಞಾನ, ವಾಣಿಜ್ಯ ಮುಂತಾಗಿ ಹಲವು ವಿಷಯಗಳ ಗುಂಪು ಅದು. ಡೀನರು ಅದರ ಹಿರಿಯರು. ಮೂರನೆಯದು ವಿದ್ಯಾವಿಷಯಕ ಪರಿಷತ್ತು. ಕುಲಪತಿಗಳು ಅಲ್ಲಿ ಅಧ್ಯಕ್ಷರು. ಡೀನರು, ಪ್ರಾಧ್ಯಾಪಕರು, ಕೆಲವು ಕಾಲೇಜುಗಳ ಪ್ರಿನ್ಸಿಪಾಲರು ಸದಸ್ಯರು. ಹುದ್ದೆ, ಹಣ, ಕಟ್ಟಡಗಳ ಮಾತು ಬಂದರೆ ಅದು ಸಿಂಡಿಕೇಟಿಗೆ ಹೋಗುತ್ತದೆ.

ಕಾಗದದ ಮೇಲೆ ಇದು ಸುಂದರವಾದ ವ್ಯವಸ್ಥೆ. ಆದರೆ ಮೂರೂ ಬಾಗಿಲುಗಳ ಅಗಲ ಒಂದೇ ಅಲ್ಲ. ಪಾಠದ ಒಳಹೊಕ್ಕು ಘಟಕ ಘಟಕವನ್ನೂ ತಿರುವಿ ನೋಡುವುದು ಮೊದಲ ಮಂಡಳಿ ಮಾತ್ರ. ಪರಿಷತ್ತಿನ ಸಭೆಗೆ ಬರುವ ಹೊತ್ತಿಗೆ ಕಾರ್ಯಸೂಚಿ ದಪ್ಪವಾಗಿರುತ್ತದೆ. ಹತ್ತಾರು ವಿಷಯಗಳ ಪಠ್ಯಕ್ರಮಗಳು ಅಡಕವಾಗಿರುತ್ತವೆ. ಮಧ್ಯಾಹ್ನದ ಊಟದ ವೇಳೆಯೂ ಸಮೀಪಿಸಿರುತ್ತದೆ. ಅಲ್ಲಿ ಒಂದೊಂದು ಪಾಠವನ್ನೂ ಪ್ರಶ್ನಿಸುವ ಸದಸ್ಯನನ್ನು ಸಹೋದ್ಯೋಗಿಗಳು ಕೃತಜ್ಞತೆಯಿಂದ ನೋಡುತ್ತಾರೆಂದು ಹೇಳಲಾಗದು. ಆದ್ದರಿಂದ ಪಾಠ ಗಟ್ಟಿಯಾಗುವುದು ಅಥವಾ ಟೊಳ್ಳಾಗುವುದು ಮೊದಲ ಮಂಡಳಿಯಲ್ಲೇ.

ಸಾಮಾನ್ಯ ಶಿಕ್ಷಣದ ತೊಡಕು ಇರುವುದೂ ಇಲ್ಲಿಯೇ. ಅರ್ಥಶಾಸ್ತ್ರದ ಮಂಡಳಿ ಅರ್ಥಶಾಸ್ತ್ರದ ವಿದ್ಯಾರ್ಥಿಗಾಗಿ ಕಾಳಜಿಯಿಂದ ಪಾಠ ರಚಿಸುತ್ತದೆ. ಅವನು ಆ ಮನೆಯ ಮಗು. ಬೇರೆ ವಿಷಯಗಳಿಂದ ಒಂದು ಸೆಮಿಸ್ಟರಿನ ಮಟ್ಟಿಗೆ ಬಂದುಹೋಗುವ ಹುಡುಗಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು? ಹಲವು ಕಡೆ ಇದಕ್ಕೆ ಸಿದ್ಧವಿರುವ ಉತ್ತರ ಒಂದೇ: ತಮ್ಮ ಮೊದಲ ವರ್ಷದ ಪಾಠವನ್ನೇ ತೆಳ್ಳಗೆ ಮಾಡಿ ಬಡಿಸುವುದು. ವಿಜ್ಞಾನ ಓದದವರಿಗೆ ವಿಜ್ಞಾನವೆಂದರೆ ವ್ಯಾಖ್ಯೆಗಳ ಪಟ್ಟಿ. ಸಾಹಿತ್ಯ ಓದದವರಿಗೆ ಸಾಹಿತ್ಯವೆಂದರೆ ಕವಿಗಳ ಕಾಲ ಮತ್ತು ಕೃತಿಗಳ ಪಟ್ಟಿ. ಎರಡು ವಿಷಯಗಳು ಕೂಡಿ ನಡೆಸಬೇಕಾದ ಪಾಠವಾದರಂತೂ ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆಯೇ.

ಹೇಳಲು ಸಂಕೋಚವಾಗುವ ಇನ್ನೊಂದು ಸಂಗತಿಯೂ ಇದೆ. ಪಾಠವೆಂದರೆ ಗಂಟೆ; ಗಂಟೆಯೆಂದರೆ ಕೆಲಸದ ಹೊರೆಯ ಲೆಕ್ಕ; ಆ ಲೆಕ್ಕವೆಂದರೆ ಅಧ್ಯಾಪಕನ ಹುದ್ದೆ. ವಾರಕ್ಕೆ ಮೂರು ಗಂಟೆಯ ಪಾಠ ಯಾವ ವಿಭಾಗಕ್ಕೆ ಸೇರಬೇಕೆಂಬ ಚರ್ಚೆ ಮೇಲ್ನೋಟಕ್ಕೆ ತತ್ವಚರ್ಚೆಯಾಗಿ ಕಂಡರೂ ಒಳಗೆ ಅನ್ನದ ಚರ್ಚೆ. ಖಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟಿದ್ದು ಉಳಿದ ಭಾರವನ್ನು ಅತಿಥಿ ಉಪನ್ಯಾಸಕರು ಹೊರುವಲ್ಲಿ ಈ ಚರ್ಚೆಗೆ ಇನ್ನಷ್ಟು ಬಿಸಿ. ಅವರನ್ನು ದೂಷಿಸುವುದು ಸುಲಭ. ಆದರೆ ವರ್ಷದಿಂದ ವರ್ಷಕ್ಕೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಮನುಷ್ಯ ಗಂಟೆಗಳನ್ನು ಎಣಿಸದೆ ಇನ್ನೇನನ್ನು ಎಣಿಸಬೇಕು?

ಎಲ್ಲ ಪಾಠಗಳೂ ಮಂಡಳಿಯಲ್ಲೇ ಹುಟ್ಟುವುದಿಲ್ಲ. ಪರಿಸರ ಅಧ್ಯಯನದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದು ನ್ಯಾಯಾಲಯದಿಂದ ಬಂದ ಪಾಠ. ಎಂ. ಸಿ. ಮೆಹ್ತಾ ಎಂಬ ನ್ಯಾಯವಾದಿಗಳು ಹೂಡಿದ ಮೊಕದ್ದಮೆಯಲ್ಲಿ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪರಿಸರದ ಶಿಕ್ಷಣ ಎಲ್ಲ ಮಟ್ಟದಲ್ಲೂ ನಡೆಯಬೇಕೆಂದು ಹೇಳಿತು. ಹೇಳಿ ಹನ್ನೆರಡು ವರ್ಷವಾದರೂ ಕೆಲಸ ತೃಪ್ತಿಕರವಾಗಿ ಸಾಗದಿರಲು, 2003ರ ಡಿಸೆಂಬರಿನಲ್ಲಿ ಮತ್ತೆ ಕಟ್ಟುನಿಟ್ಟಿನ ಆದೇಶ ಬಂದಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ತಜ್ಞ ಸಮಿತಿ, ಪುಣೆಯ ಡಾ. ಎರಾಕ್ ಭರೂಚಾ ಅವರ ನೇತೃತ್ವದಲ್ಲಿ, ಎಲ್ಲ ಪದವಿಗಳಿಗೂ ಸಲ್ಲುವ ಆರು ತಿಂಗಳ ಪಠ್ಯಕ್ರಮವನ್ನು ಸಿದ್ಧಪಡಿಸಿತು. ಅದರಲ್ಲಿ ಎಂಟು ಘಟಕ, ಐವತ್ತು ಉಪನ್ಯಾಸ. ಎಂಟನೆಯ ಘಟಕ ಕ್ಷೇತ್ರಕಾರ್ಯ. ನದಿಯನ್ನೋ ಕಾಡನ್ನೋ ಹೊಲವನ್ನೋ ಮಲಿನವಾದ ಸ್ಥಳವನ್ನೋ ಸ್ವತಃ ಹೋಗಿ ನೋಡಿ ಬರೆಯುವ ಆ ಕೆಲಸಕ್ಕೆ ಐದು ಉಪನ್ಯಾಸಗಳ ಅವಧಿ.

ರಾಯಚೂರು ಜಿಲ್ಲೆಯ ವಿದ್ಯಾರ್ಥಿಗೆ ಈ ಐದು ಗಂಟೆಗಳಷ್ಟು ಬೆಲೆಬಾಳುವ ಪಾಠ ಇನ್ನೊಂದಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕೃಷ್ಣೆಯ ದಂಡೆಯಲ್ಲಿ ಕಲ್ಲಿದ್ದಲು ಸುಡುತ್ತಿದೆ. ಎಂಟು ಘಟಕಗಳಿಂದ 1720 ಮೆಗಾವಾಟ್ ವಿದ್ಯುತ್ತು. ಅದರೊಡನೆ ಬೆಟ್ಟದಷ್ಟು ಬೂದಿ. ಬೂದಿ ಎಲ್ಲಿಗೆ ಹೋಗುತ್ತದೆ? ಮಾನವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಬತ್ತದ ಗದ್ದೆಗಳನ್ನು ತಂದಿತು. ಮೇಲಿನವರು ಹೆಚ್ಚು ಹರಿಸಿಕೊಂಡ ವರ್ಷ ಕೆಳಗಿನ ಹೊಲಕ್ಕೆ ನೀರು ತಲಪುವುದಿಲ್ಲ; ನೀರು ಹೆಚ್ಚು ನಿಂತ ನೆಲ ಸವುಳಾಗುತ್ತದೆ. ದೇವದುರ್ಗದ ಬಡಗಣ ಅಂಚನ್ನು ಕೃಷ್ಣೆ ತೊಳೆಯುತ್ತಾಳೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಆ ತಾಲ್ಲೂಕಿಗೂ ಬಂದಿದೆ. ಪುಸ್ತಕದ ‘ಜಲಸಂಪನ್ಮೂಲ’ ಎಂಬ ಒಣ ಶಬ್ದಕ್ಕೆ ಇಲ್ಲಿ ತಂದೆಯ ಹೊಲವೇ ಅರ್ಥ. ದೆಹಲಿಯ ಸಮಿತಿ ಆ ಬಾಗಿಲನ್ನು ತೆರೆದೇ ಇಟ್ಟಿತ್ತು. ಒಪ್ಪಿಗೆ ಪಡೆದ ಪಠ್ಯಕ್ರಮದಲ್ಲೇ ಇದ್ದ ಅವಕಾಶವದು. ಹೊಸ ಒಪ್ಪಿಗೆ ಬೇಕಿರಲಿಲ್ಲ. ಆದರೆ ಬಸ್ಸಿನ ಖರ್ಚು, ಪರೀಕ್ಷೆಯ ಅವಸರ, ವಸ್ತುನಿಷ್ಠ ಪ್ರಶ್ನೆಗಳ ಗೈಡು ಇವುಗಳ ನಡುವೆ ಕ್ಷೇತ್ರಕಾರ್ಯವೆಂಬುದು ಅನೇಕ ಕಡೆ ಒಬ್ಬರ ವರದಿಯನ್ನು ಇನ್ನೊಬ್ಬರು ನಕಲು ಮಾಡುವ ಕಾರ್ಯವಾಯಿತು. ಮಂಡಳಿ ಪಾಠಕ್ಕೆ ಒಪ್ಪಿಗೆ ಕೊಡಬಲ್ಲುದು. ಪಾಠ ನಡೆಯಿತೇ ಎಂದು ಮರುವರ್ಷ ಕೇಳುವ ಪದ್ಧತಿಯನ್ನು ಮಾತ್ರ ನಾವು ಇನ್ನೂ ಗಟ್ಟಿಯಾಗಿ ರೂಢಿಸಿಕೊಂಡಿಲ್ಲ.

2021ರ ಕಥೆ ಬೇರೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಜಾರಿಗೆ ತರುವ ಸರಕಾರಿ ಆದೇಶ ಆ ವರ್ಷ ಆಗಸ್ಟ್ 7ರಂದು ಹೊರಟಿತು. ಜಾರಿಯಾಗಬೇಕಾದದ್ದು ಅದೇ ಶೈಕ್ಷಣಿಕ ವರ್ಷದಿಂದ. ಮಾದರಿ ಪಠ್ಯಕ್ರಮಗಳು ರಾಜ್ಯಮಟ್ಟದ ಸಮಿತಿಗಳಲ್ಲಿ ಸಿದ್ಧವಾಗಿ ವಿಶ್ವವಿದ್ಯಾನಿಲಯಗಳಿಗೆ ಬಂದವು. ಮುಕ್ತ ಆಯ್ಕೆಯ ವಿಷಯಕ್ಕೆ ಮೂರು ಕ್ರೆಡಿಟ್; ಜೊತೆಗೆ ಡಿಜಿಟಲ್ ಸಾಮರ್ಥ್ಯ, ಪರಿಸರ, ಸಂವಿಧಾನ, ಯೋಗ. ರಾಯಚೂರಿನ ಹೊಸ ವಿಶ್ವವಿದ್ಯಾನಿಲಯ ಆಗತಾನೆ ಹೆಜ್ಜೆಯಿಡುತ್ತಿದ್ದ ಕಾಲವದು. ಮಗು ನಡೆಯಲು ಕಲಿಯುವ ಮೊದಲೇ ಅದರ ಕಾಲಿಗೆ ಹೊಸ ಅಳತೆಯ ಚಪ್ಪಲಿ ಬಂದಂತಾಯಿತು. ಕನ್ನಡವನ್ನು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯಗೊಳಿಸಿದ ಆದೇಶವಂತೂ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಏಪ್ರಿಲಿನಲ್ಲಿ ಬಂದ ಮಧ್ಯಂತರ ಆದೇಶ, ವಿದ್ಯಾರ್ಥಿಗಳನ್ನು ಒತ್ತಾಯಿಸಕೂಡದೆಂದಿತು.

ಮೂರು ತಂಡಗಳು ಈ ಕ್ರಮದಲ್ಲಿ ಸೇರಿದವು. ಅಷ್ಟರಲ್ಲಿ ಸರಕಾರ ಬದಲಾಗಿತ್ತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ 2023ರಲ್ಲಿ ನೇಮಕವಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ 8ರಂದು ಇನ್ನೊಂದು ಆದೇಶ ಹೊರಟು, 2024-25ರಿಂದ ಮೂರು ವರ್ಷದ ಪದವಿಯ ಹಳೆಯ ಚೌಕಟ್ಟು ಮರಳಿ ಬಂದಿತು. ಯಾವ ನೀತಿ ಮೇಲು, ಯಾವುದು ಕೀಳು ಎಂಬ ಚರ್ಚೆ ರಾಜಕಾರಣಿಗಳಿಗೆ ಇರಲಿ. ಗಮನಿಸಬೇಕಾದದ್ದು ದಿನಾಂಕಗಳನ್ನು. ಆಗಸ್ಟಿನಲ್ಲಿ ಆದೇಶ, ಅದೇ ವರ್ಷ ಪಾಠ. ಮೇ ತಿಂಗಳಲ್ಲಿ ಆದೇಶ, ಅದೇ ವರ್ಷ ಪಾಠ. ಈ ನಡುವಿನ ಕೆಲವೇ ವಾರಗಳಲ್ಲಿ ಅಧ್ಯಯನ ಮಂಡಳಿ ಕೂಡಬೇಕು, ನಿಕಾಯ ನೋಡಬೇಕು, ಪರಿಷತ್ತು ಒಪ್ಪಬೇಕು, ಪುಸ್ತಕ ಅಚ್ಚಾಗಿ ದೇವದುರ್ಗದ ಅಂಗಡಿಗೆ ಬರಬೇಕು. ಇಷ್ಟು ಅವಸರದಲ್ಲಿ ನಡೆಯುವುದನ್ನು ಪರಿಶೀಲನೆಯೆಂದು ಕರೆಯಲು ಧಾರಾಳ ಮನಸ್ಸು ಬೇಕು.

ಇದರಿಂದ ನಷ್ಟ ಎಲ್ಲರಿಗೂ ಸಮಾನವಲ್ಲ. ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗನಿಗೆ ಮುಕ್ತ ಆಯ್ಕೆಯ ಪಟ್ಟಿಯಲ್ಲಿ ಹತ್ತು ವಿಷಯಗಳಿದ್ದರೆ, ಅವೂ ಬೇಡವಾದರೆ, ಮನೆಯಲ್ಲಿ ಓದಿದ ತಂದೆತಾಯಿಗಳಿದ್ದಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ನ್ನೂ ಮುಟ್ಟಲಿಲ್ಲ. ರಾಜ್ಯದ್ದು 75ನ್ನು ದಾಟಿತ್ತು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಮಾನವಿಯೂ ಇದ್ದವು. ಇಲ್ಲಿ ಕಾಲೇಜಿಗೆ ಬರುವ ಹುಡುಗಿ ಎಷ್ಟೋ ಸಲ ಆ ಮನೆಯಲ್ಲಿ ಮೊದಲನೆಯವಳು. ತನ್ನ ಮುಖ್ಯ ವಿಷಯಗಳ ಆಚೆಗಿನ ಲೋಕವನ್ನು ಅವಳಿಗೆ ತೋರಿಸಬಲ್ಲ ಕಿಟಕಿ ಈ ಸಾಮಾನ್ಯ ಪಾಠವೊಂದೇ ಆಗಿರಬಹುದು. ಅದಕ್ಕೇ ಇಲ್ಲಿ ಅದು ಬೆಂಗಳೂರಿಗಿಂತ ಹೆಚ್ಚು ಗಟ್ಟಿಯಾಗಿರಬೇಕಿತ್ತು.

ಗಟ್ಟಿಗೊಳಿಸಲು ಸಾಮಗ್ರಿಗೆ ಬರವಿಲ್ಲ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಮಸ್ಕಿಯಲ್ಲಿ. ‘ದೇವಾನಾಂಪ್ರಿಯ’ನೆಂದರೆ ಯಾರೆಂಬ ಇತಿಹಾಸಕಾರರ ಅನುಮಾನ ತೀರಿದ್ದು ಈ ಜಿಲ್ಲೆಯ ಒಂದು ಬಂಡೆಯಿಂದ. ವಿಜಯದಾಸರು ಮಾನವಿ ಸೀಮೆಯ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಬಾಳಿದ್ದು ಮಾನವಿಯಲ್ಲಿ. ದೇವದುರ್ಗದ ದಾರಿಯಲ್ಲಿ ಗಬ್ಬೂರಿನ ಗುಡಿಗಳು ಬಸ್ಸಿನಿಂದಿಳಿದರೆ ಸಾಕು, ಕಣ್ಣಿಗೆ ಬೀಳುತ್ತವೆ. ರಾಯಚೂರು ಪಟ್ಟಣದಲ್ಲಿಯೇ 1920ರಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ತೆರೆದಿದ್ದರು. ನಿಜಾಮನ ಆಡಳಿತದ ನಡುವೆ ಜಾತಿಮತಗಳ ಮಕ್ಕಳನ್ನು ಒಂದೆಡೆ ಕೂರಿಸಿ ಕಲಿಸಿದ ಆ ಪ್ರಯತ್ನವನ್ನು ಸಾಮಾನ್ಯ ಶಿಕ್ಷಣವಲ್ಲದೆ ಇನ್ನೇನೆಂದು ಕರೆಯೋಣ?

ಮಾನವಿಯ ಅಧ್ಯಾಪಕರೊಬ್ಬರು ಇವನ್ನು ಸೇರಿಸಿ ‘ಕೃಷ್ಣಾ-ತುಂಗಭದ್ರೆಗಳ ನಡುವಣ ನಾಡು’ ಎಂಬ ಪಾಠವನ್ನು ರಚಿಸಿ ಮಂಡಳಿಯ ಮುಂದೆ ಇಟ್ಟರೆಂದು ಭಾವಿಸೋಣ. ಮಂಡಳಿ ಕೇಳಬೇಕಾದ ಪ್ರಶ್ನೆಗಳು ಹಲವು. ಬಿ.ಕಾಂ. ಹುಡುಗ ಇದನ್ನು ಓದಿ ಮುಗಿಸಿದಾಗ ಮೊದಲು ಮಾಡಲಾಗದ ಯಾವ ಕೆಲಸವನ್ನು ಮಾಡಬಲ್ಲ? ಓದಲು ಪುಸ್ತಕ ಯಾವುದು, ಅದು ಗ್ರಂಥಾಲಯದಲ್ಲಿ ಎಷ್ಟು ಪ್ರತಿ ಇದೆ? ಇತಿಹಾಸದ ಅಧ್ಯಾಪಕರಿಲ್ಲದ ಕಾಲೇಜಿನಲ್ಲಿ ಯಾರು ಕಲಿಸುತ್ತಾರೆ? ಇದು ಜಿಲ್ಲೆಯ ಹೊಗಳಿಕೆಯೋ, ಇಲ್ಲಿಯ ಗುಳೆ ಮತ್ತು ಬರಗಳನ್ನೂ ಮುಖಾಮುಖಿ ನೋಡುವ ಪಾಠವೋ? ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸಿದರೆ ಸಾಕೇ, ಊರಿನ ಒಂದು ಶಾಸನವನ್ನೋ ಕಾಲುವೆಯನ್ನೋ ನೋಡಿ ಬಂದು ಬರೆಯಬೇಕೇ? ಇಂಥ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿ ಎರಡು ಸಭೆಗಳು ಕಳೆದರೆ ಅದು ವಿಳಂಬವಲ್ಲ. ಎರಡು ಸಭೆಗಳ ನಡುವೆ ಆ ಅಧ್ಯಾಪಕರು ಒಂದು ಸಲ ಕರಡನ್ನು ತಿದ್ದಿ ಬರೆದಿರುತ್ತಾರೆ. ಪಾಠ ಹದಕ್ಕೆ ಬರುವುದು ಆ ತಿದ್ದುವಿಕೆಯಲ್ಲಿ.

ಪಾಲಕರು ಈ ಸಭೆಗಳಿಗೆ ಹೋಗುವಂತಿಲ್ಲ, ನಿಜ. ಆದರೆ ಒಪ್ಪಿಗೆಯಾದ ಪಠ್ಯಕ್ರಮ ಗುಟ್ಟಿನ ಕಾಗದವಲ್ಲ. ಕೇಳಿದರೆ ಕಾಲೇಜಿನಲ್ಲಿ ತೋರಿಸಬೇಕಾದದ್ದು. ಪ್ರವೇಶದ ದಿನ ಶುಲ್ಕವೆಷ್ಟೆಂದು ಕೇಳುವ ತಂದೆ, ಪಟ್ಟಿಯಲ್ಲಿರುವ ವಿಷಯಗಳಲ್ಲಿ ನಿಜವಾಗಿ ನಡೆಯುವುವು ಎಷ್ಟು, ಕಲಿಸುವವರು ಯಾರು ಎಂದೂ ಕೇಳಬಹುದು. ಕಿಟಕಿಯ ಒಳಗಿನವರಿಗೆ ಇದರಿಂದ ತುಸು ಬೇಸರವಾಗಬಹುದು. ಆದರೆ ಅದೇ ಪ್ರಶ್ನೆ ನಾಲ್ಕು ದಿನ ನಾಲ್ವತ್ತು ಬಾಯಿಂದ ಬಂದರೆ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ. ಅಲ್ಲಿಂದ ಪರಿಷತ್ತಿನ ಕಾರ್ಯಸೂಚಿಗೆ ಹೋಗುವ ದಾರಿ ಕಾನೂನಿನಲ್ಲೇ ಇದೆ.

ಮಧ್ಯಾಹ್ನದ ಹೊತ್ತಿಗೆ ಸಾಲು ಕರಗುತ್ತದೆ. ಅರ್ಜಿ ಕೊಟ್ಟ ಹುಡುಗಿ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ತಂದೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಅವಳಿಗೊಂದು ಮಿರ್ಚಿ-ಮಂಡಕ್ಕಿ ಕೊಡಿಸಿ, ತಾನು ಅರ್ಧ ಚಹಾ ಕುಡಿದು, ಮತ್ತೆ ಅದನ್ನೇ ಕೇಳುತ್ತಾನೆ:

“ಅದು ಏನಂತ ಬರದೆವ್ವಾ, ಕಡೀಗಿ?”